ಲಿಕ್ವಿಡ್ ಸಲ್ಫರ್ ಬ್ಯಾರೆಲ್ಲಿಗೆ ಸುರಿಯುವ ಮುಂಚೆ ಇದನ್ನೊಮ್ಮೆ ಓದಿ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದು 6 ಎಕರೆ ರೋಬಸ್ಟಾ ಕಾಫಿ. ನಡುನಡುವೆ ಸಿಲ್ವರ್ ಓಕ್‌ಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಕಳೆದ ಏಪ್ರಿಲ್‌ನಲ್ಲಿ ಅದರಲ್ಲಿ ಒಂದೂವರೆ ಎಕರೆಯನ್ನು ನಾನೇ ಸುಟ್ಟುಕೊಂಡೆ. ಬೆಂಕಿ ಇಟ್ಟಲ್ಲ, ಲಿಕ್ವಿಡ್ ಸಲ್ಫರ್ ಅನ್ನುವ ಗಂಧಕದ ದ್ರವ ಗೊಬ್ಬರ ಹೊಡೆದು.

ಆ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಚೆನ್ನಾಗಿ ಬಂದಿತ್ತು. ಆಮೇಲೆ ಮಿಡಿ ನಿಲ್ಲಲು ಬೇಕಾದ ಬ್ಯಾಕಿಂಗ್ ಮಳೆಯೂ ಸಿಕ್ಕಿತ್ತು, ಮಿಡಿ ಕಚ್ಚಿತ್ತು. ಆದರೆ ಗಿಡ ಮಾತ್ರ ಹಳದಿ. ಹಿಂದಿನ ವರ್ಷ ಜಾಸ್ತಿ ಫಸಲು ಹೊತ್ತ ಗಿಡಗಳು, ಸುಸ್ತಾಗಿವೆ ಅಂತ ಸುಮ್ನೆ ಇದ್ದಿದ್ದರೆ ಆಗ್ತಿತ್ತು. ಪೇಟೆಗೆ ಹೋದಾಗ ಗೊಬ್ಬರದ ಅಂಗಡಿಯಲ್ಲಿ ಫೋನ್ ತೆಗೆದು ಫೋಟೋ ತೋರಿಸಿದೆ. ಅಲ್ಲಿ ಕಂಪನಿಯ ಹುಡುಗನೊಬ್ಬ ಕೂತಿದ್ದ. ಫೋಟೋವನ್ನು ಸರಿಯಾಗಿ ದೊಡ್ಡದು ಮಾಡಿಯೂ ನೋಡಲಿಲ್ಲ. 'ಸಲ್ಫರ್ ಕೊರತೆ ಸಾರ್. ಲಿಕ್ವಿಡ್ ಬಂದಿದೆ, ಬ್ಯಾರೆಲ್ಲಿಗೆ 2 ಲೀಟರ್ ಹಾಕಿ ಹೊಡೀರಿ. ಒಂದೇ ವಾರದಲ್ಲಿ ಗಿಡ ಕಪ್ಪಗೆ ಹಸಿರಾಗ್ತದೆ' ಅಂದ. 5 ಲೀಟರಿನ ಎರಡು ಕ್ಯಾನ್ ಜೀಪಿಗೆ ಹಾಕಿಕೊಂಡು ಬಂದೆ.

ಹೊಡೆದ ದಿನ ಆದದ್ದು ಇದು. ನಮ್ಮ ಬೋರ್‌ವೆಲ್ ನೀರು ಗಡಸು. ಔಷಧಿ ಹೊಡೆಯುವಾಗ ಬ್ಯಾರೆಲ್ಲಿಗೆ ಒಂದಿಷ್ಟು ನಿಂಬೆ ಉಪ್ಪು, ಅಂದರೆ ಹುಳಿಯ ಸಿಟ್ರಿಕ್ ಆಸಿಡ್ ಪುಡಿ, ಹಾಕಿ ಕಲಸುವುದು ನಮ್ಮಲ್ಲಿ ರೂಢಿ. ಅವತ್ತೂ ಹಾಕಿದೆವು. ಆಮೇಲೆ ಲಿಕ್ವಿಡ್ ಸುರಿದೆವು. ಸ್ವಲ್ಪ ಹೊತ್ತಿಗೆ ತಿಳಿ ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಬರಬರುತ್ತಾ ಸ್ವಲ್ಪ ಹಳದಿ ಬಣ್ಣಕ್ಕೆ ತಿರುಗಿತು. ಕೋಲಲ್ಲಿ ತಿರುಗಿಸುತ್ತಿದ್ದ ನಮ್ಮ ಕೆಲಸದವನು ಮೂಗು ಮುಚ್ಚಿಕೊಂಡು, 'ಅಣ್ಣ, ಪಟಾಕಿ ಹೊಡೆದ ಹಾಗೆ ವಾಸನೆ ಬರ್ತದೆ' ಅಂದ. ಗಂಧಕ ಅಲ್ವಾ, ವಾಸನೆ ಬರದೆ ಇರ್ತದಾ ಅಂತ ನಾನೇ ಅವನ ಬಾಯಿ ಮುಚ್ಚಿಸಿದೆ. ಈಗಲೂ ಆ ಮಾತು ನೆನಪಾದರೆ ನಾಚಿಕೆಯಾಗುತ್ತದೆ. ಅವನು ಮಧ್ಯಾಹ್ನದವರೆಗೂ ಕೆಮ್ಮುತ್ತಿದ್ದ. ನಾಜಲ್ ಮೂರು ಸಲ ಕಟ್ಟಿಕೊಂಡಿತು. ಬೆಳಗ್ಗೆ ಮುಗಿಯಬೇಕಾದ ಕೆಲಸ ಹೀಗೆ ಎಳೆದು ಎಳೆದು ಬಿಸಿಲೇರಿತು. ಆದರೂ ಬಿಡಲಿಲ್ಲ, ನೆರಳು ಕಮ್ಮಿ ಇರುವ ಪಟ್ಟಿಗೆ ಹನ್ನೆರಡು ಗಂಟೆಯ ಬಿಸಿಲಲ್ಲೇ ಹೊಡೆದೆವು.

ಮೂರನೇ ದಿನಕ್ಕೆ ಚಿಗುರೆಲೆಗಳ ಅಂಚು ಕಂದಿತು. ವಾರ ಕಳೆಯುವಷ್ಟರಲ್ಲಿ ತುದಿಗಳೆಲ್ಲ ಕರಕಲು. ಮಿಡಿಗಳು ಕಪ್ಪಾಗಿ ಬುಡದಲ್ಲಿ ಉದುರಿ ಬಿದ್ದಿದ್ದವು. ಮೆಣಸಿನ ಎಳೆ ಬಳ್ಳಿಯನ್ನೂ ಬಿಡಲಿಲ್ಲ.

ಕ್ಯಾನ್ ತೊಳೆದು ಕನ್ನಡಕ ಹಾಕಿಕೊಂಡು ಲೇಬಲ್ ಓದಿದ್ದು ಆಮೇಲೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಅಮೋನಿಯಂ ಥಯೋಸಲ್ಫೇಟ್ ಅಂತಿತ್ತು. ನೂರಕ್ಕೆ ಸಾರಜನಕ 12, ಸಲ್ಫರ್ 26. ಇದು ಮುಖ್ಯವಾಗಿ ಮಣ್ಣಿಗೆ, ಡ್ರಿಪ್ಪಿಗೆ ಕೊಡುವ ಸಾಮಾನು. ಎಲೆಗೆ ಕೊಡುವುದಿದ್ದರೂ ತುಂಬಾ ತೆಳುವಾಗಿ, ತಂಪು ಹೊತ್ತಲ್ಲಿ ಕೊಡಬೇಕು. ಸೇಬು ಬೆಳೆಯುವ ದೇಶಗಳಲ್ಲಿ ಮರದಲ್ಲಿ ಹೂ ಜಾಸ್ತಿಯಾದರೆ ಸುಟ್ಟು ಕಮ್ಮಿ ಮಾಡಲಿಕ್ಕೆ ಇದನ್ನೇ ಹೊಡೆಯುತ್ತಾರಂತೆ, ನೂರಕ್ಕೆ ಒಂದೆರಡು ಪಾಲು ಕಲಸಿ. 200 ಲೀಟರ್ ಬ್ಯಾರೆಲ್ಲಿಗೆ 2 ಲೀಟರ್ ಅಂದರೆ ಲೆಕ್ಕ ಹಾಕಿ, ನೂರಕ್ಕೆ ಒಂದು. ಅವರು ಬೇಕು ಅಂತ ಮಾಡುವುದನ್ನು ನಾನು ದುಡ್ಡು ಕೊಟ್ಟು ನನ್ನ ಮಿಡಿಗೇ ಮಾಡಿದ್ದೆ.

ನಿಂಬೆ ಉಪ್ಪಿನ ಕಥೆ ಇದಕ್ಕಿಂತ ಕೆಟ್ಟದು. ಥಯೋಸಲ್ಫೇಟಿಗೆ ಹುಳಿ ಆಗುವುದಿಲ್ಲ. ಹುಳಿ ಬಿದ್ದರೆ ಅದು ಒಡೆಯುತ್ತದೆ. ಒಂದು ಪಾಲು ಗಂಧಕದ ನುಣ್ಣನೆ ಪುಡಿಯಾಗಿ ನೀರನ್ನು ಬೆಳ್ಳಗೆ ಮಾಡುತ್ತದೆ, ನಾಜಲ್ ಕಟ್ಟುವುದು ಅದೇ. ಇನ್ನೊಂದು ಪಾಲು ಸಲ್ಫರ್ ಡೈಆಕ್ಸೈಡ್ ಗಾಳಿಯಾಗಿ ಮೇಲೇಳುತ್ತದೆ. ಪಟಾಕಿ ವಾಸನೆ, ಕೆಮ್ಮು ಎಲ್ಲ ಅದರದ್ದು. ನಿಮ್ಮ ಬ್ಯಾರೆಲ್ಲೂ ಹಾಗೆ ಹಾಲಾದರೆ ಕೋಲು ಬಿಟ್ಟು ದೂರ ಸರಿಯಿರಿ, ಗಾಳಿ ಬರುವ ಕಡೆ ನಿಲ್ಲಿ. ಅದನ್ನು ಹೊಡೆಯಲೇಬೇಡಿ. ಉಬ್ಬಸ ಇರುವವರನ್ನಂತೂ ಹತ್ತಿರ ಬಿಡಬೇಡಿ.

ಆಮೇಲೆ ವಿಚಾರಿಸಿದಾಗ ತಿಳಿಯಿತು, ಲಿಕ್ವಿಡ್ ಸಲ್ಫರ್ ಅನ್ನುವ ಹೆಸರಲ್ಲಿ ಬೇರೆ ಬೇರೆ ಸಾಮಾನು ಸಿಗುತ್ತದೆ. ನನ್ನದು ತಿಳಿಯಾದ ದ್ರಾವಣ. ಇನ್ನೊಂದು ಗಂಧಕದ ನುಣುಪು ಪುಡಿಯನ್ನೇ ನೀರಲ್ಲಿ ತೇಲಿಸಿದ್ದು, ಅಲ್ಲಾಡಿಸದೆ ಬಿಟ್ಟರೆ ತಳಕ್ಕೆ ಕೂರುತ್ತದೆ. ಆ ಪುಡಿಯನ್ನು ಗಿಡ ಹಾಗೇ ತಿನ್ನುವುದಿಲ್ಲ. ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಗಿಡ ಹೀರುವ ಸಲ್ಫೇಟ್ ಮಾಡಿಕೊಡಬೇಕು, ಅದಕ್ಕೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಹಾಗೆ ಮಾಡುವಾಗ ಮಣ್ಣು ಹುಳಿಯಾಗುತ್ತದೆ. 1 ಕಿಲೋ ಗಂಧಕದ ಹುಳಿ ಕಳೆಯಲು ಸುಮಾರು 3 ಕಿಲೋ ಕೃಷಿ ಸುಣ್ಣ ಬೇಕು. ಕೊಡಗಿನ ಮಳೆಗೆ ನಮ್ಮ ಮಣ್ಣು ಮೊದಲೇ ಹುಳಿ. ಸುಣ್ಣ ಹಾಕಿ ಹಾಕಿ ಪಿಎಚ್ (ಹುಳಿಯ ಅಳತೆ, ಹುಳಿ ಹೆಚ್ಚಿದಷ್ಟೂ ಇದು ಕಮ್ಮಿ) ಮೇಲೆತ್ತಲು ನಾವು ಒದ್ದಾಡುತ್ತಿದ್ದರೆ, ಇದು ಕೆಳಗೆ ಎಳೆಯುತ್ತದೆ. ಒಂದೇ ವಾರದಲ್ಲಿ ಹಸಿರು ಅನ್ನುವವರಿಗೆ ಇದನ್ನು ಹೇಳಿ ನೋಡಿ.

ದೊಡ್ಡಪ್ಪ ಬಂದು ತೋಟ ನೋಡಿದವರು ಬೈಯಲಿಲ್ಲ. ಬುಡದ ಕಡೆಯ ಒಂದು ಎಲೆ ಕಿತ್ತು ಕೈಗೆ ಕೊಟ್ಟು, 'ಹಳದಿ ಆಗಿದ್ದು ಹಳೇ ಎಲೆನೋ ಹೊಸದೋ ಮಗ?' ಅಂತ ಕೇಳಿದರು. ಹಳೇದೇ. ಸಲ್ಫರ್ ಕೊರತೆಯಾದರೆ ಮೊದಲು ಹಳದಿಯಾಗುವುದು ಹೊಸ ಎಲೆ. ಹಳೇ ಎಲೆ ಮೊದಲು ಹಳದಿಯಾದರೆ ಸಾಮಾನ್ಯವಾಗಿ ಸಾರಜನಕದ ಹಸಿವು. ನಲವತ್ತು ವರ್ಷ ತೋಟದಲ್ಲಿ ಓಡಾಡಿದವರಿಗೆ ಗೊತ್ತಿದ್ದದ್ದು ಫೋನಿನ ಫೋಟೋಗೆ ಗೊತ್ತಿರಲಿಲ್ಲ.

ಮಣ್ಣು ಪರೀಕ್ಷೆಗೆ ಕೊಟ್ಟೆ. ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಕೇಂದ್ರ ಇದೆ, ಗೋಣಿಕೊಪ್ಪಲಿನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಚೆಟ್ಟಳ್ಳಿಯಂತೂ ನನಗೆ ದೂರವಲ್ಲ. ಇಷ್ಟು ವರ್ಷ ಹೋಗದೆ ಇದ್ದದ್ದು ಬರೀ ಸೋಮಾರಿತನ. ಫಲಿತಾಂಶದಲ್ಲಿ ಪಿಎಚ್ 5ರ ಆಸುಪಾಸು, ಸಲ್ಫರ್ ಸಾಕಷ್ಟು. ಸಾಕಷ್ಟು ಇರದೆ ಏನು? ವರ್ಷ ವರ್ಷ 20:20:0:13 ಅನ್ನುವ ಮೂಟೆ ಗೊಬ್ಬರ ಹಾಕುತ್ತೇವಲ್ಲ, ಕೊನೆಯ ಆ 13 ಸಲ್ಫರೇ. 50 ಕಿಲೋ ಮೂಟೆಯಲ್ಲಿ ಆರೂವರೆ ಕಿಲೋ ಆಯಿತು. ರೋಗಕ್ಕೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಹೊಡೆದಾಗ ಮೈಲುತುತ್ತಿನಲ್ಲೂ (ಕಾಪರ್ ಸಲ್ಫೇಟ್) ಸಲ್ಫೇಟ್ ಹೋಗುತ್ತದೆ. ನಾನು ತಂದ 5 ಲೀಟರಿನ ಒಂದೊಂದು ಕ್ಯಾನಿನಲ್ಲಿ ಇದ್ದ ಸಲ್ಫರ್ ಸುಮಾರು ಒಂದೂಮುಕ್ಕಾಲು ಕಿಲೋ. ಮೂಟೆಯ ಬೆಲೆ, ಕ್ಯಾನಿನ ಬೆಲೆ ಎರಡನ್ನೂ ಇಟ್ಟು ನೀವೇ ಭಾಗಿಸಿ ನೋಡಿ, ನನಗೆ ಮತ್ತೆ ಲೆಕ್ಕ ಹಾಕುವ ಮನಸ್ಸಿಲ್ಲ.

ಸಾಮಾನೇ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಪರೀಕ್ಷೆಯಲ್ಲಿ ಸಲ್ಫರ್ ಕಮ್ಮಿ ಬಂದವರು ಲೇಬಲ್ಲಿನ ಅಳತೆಯಲ್ಲಿ ಬುಡಕ್ಕೆ ಕೊಡಬಹುದು. ಆದರೆ ಜೂನ್–ಜುಲೈ ಮಳೆಗೆ ಸ್ವಲ್ಪ ಮುಂಚೆ ಕೊಡಬೇಡಿ, ಸಲ್ಫೇಟ್ ನೀರಿನ ಜೊತೆ ಇಳಿದು ಹೋಗುತ್ತದೆ. ಎಲೆಗೆ ಹೊಡೆಯಲೇಬೇಕು ಅಂತಿದ್ದರೆ ಒಂದೆರಡು ಗಿಡಕ್ಕೆ ಹೊಡೆದು ಒಂದು ವಾರ ಕಾಯಿರಿ. ಬೇರೆ ಏನನ್ನಾದರೂ ಕಲಸುವುದಿದ್ದರೆ ಮೊದಲು ಗಾಜಿನ ಬಾಟಲಿಯಲ್ಲಿ, ಬಯಲಲ್ಲಿ ಕಲಸಿ ನೋಡಿ.

ಅಂಗಡಿಗೆ ಹೋಗಿ ಕೇಳಿದೆ. ಬಿಲ್ ತನ್ನಿ ಅಂದರು. ಬಿಲ್ ತೆಗೆದುಕೊಂಡಿರಲಿಲ್ಲ, ಬರೀ ಚೀಟಿ. ಆ ಹುಡುಗ ಈಗ ಬೇರೆ ಕಂಪನಿಗೆ ಹೋಗಿದ್ದಾನಂತೆ.

ಉಳಿದ ಅರ್ಧ ಕ್ಯಾನ್ ಗೋಡೌನಲ್ಲಿದೆ. ಮೊನ್ನೆ ಪಕ್ಕದ ತೋಟದವರು ಬಂದು, 'ನಿಮ್ಮಲ್ಲಿ ಲಿಕ್ವಿಡ್ ಸಲ್ಫರ್ ಉಳಿದಿದೆಯಂತಲ್ಲ, ಒಂದು ಬ್ಯಾರೆಲ್ಲಿಗೆ ಆಗುವಷ್ಟು ಕೊಡಿ' ಅಂದರು. ಕೊಡಲಿಲ್ಲ. ಒಂದೂವರೆ ಎಕರೆ ಪಟ್ಟಿಗೆ ಕರೆದುಕೊಂಡು ಹೋಗಿ ಗಿಡ ತೋರಿಸಿದೆ.