ಕೆಯುಎಸಿ, 9ನೇ ಚಾನೆಲ್: ನಾಲ್ಕು ಚಳಿಗಾಲ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನು ಟಿವಿಗೆ ದುಡ್ಡು ಸುರಿಯುವ ಆಸಾಮಿ ಅಲ್ಲ. ಅಲಾಸ್ಕಾದ ಫೇರ್‌ಬ್ಯಾಂಕ್ಸ್‌ಗೆ ಬಂದು ನಾಲ್ಕು ವರ್ಷ ದಾಟಿತು. ಹೆಂಡತಿ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ, ನನ್ನದು ಮನೆಯಲ್ಲೇ ಕೂತು ಮಾಡುವ ಅರೆಬರೆ ಕೆಲಸ, ಮಗಳಿಗೆ ಆರು ವರ್ಷ. ಇಷ್ಟರಲ್ಲೇ ಬಾಡಿಗೆ, ಹೀಟಿಂಗ್ ಎಣ್ಣೆ ಎಲ್ಲ ಆಗಬೇಕು.

ಬಂದ ಹೊಸದರಲ್ಲಿ ಡಿಶ್ ಹಾಕಿಸೋಣ ಅಂತ ಒಂದು ಕಂಪನಿಯವನನ್ನು ಕರೆಸಿದ್ದೆ. ನಮ್ಮ ಕಡೆ ಡಿಶ್ ಅಂದರೆ ಆಕಾಶಕ್ಕೆ ಮುಖ ಎತ್ತಿಕೊಂಡಿರುತ್ತದಲ್ಲ, ಇಲ್ಲಿ ಹಾಗಲ್ಲ. ಟಿವಿ ಉಪಗ್ರಹಗಳೆಲ್ಲ ಇರುವುದು ಭೂಮಧ್ಯರೇಖೆಯ ಮೇಲೆ, ನಾವಿರುವುದು 64.8 ಡಿಗ್ರಿ ಉತ್ತರದಲ್ಲಿ. ಹಾಗಾಗಿ ಡಿಶ್ ಮೇಲಕ್ಕೆ ನೋಡಿದರೆ ಹೆಚ್ಚೆಂದರೆ 17 ಡಿಗ್ರಿ. ಪಕ್ಕದ ಮನೆಯ ಕಿಟಕಿಯೊಳಗೆ ಇಣುಕಿದ ಹಾಗೆ ಕಾಣುತ್ತದೆ. ನಮಗೆ ಅಡ್ಡ ಬಂದದ್ದು ಕಿಟಕಿಯಲ್ಲ, ಪಕ್ಕದವರ ಸ್ಪ್ರೂಸ್ ಮರ. ಬಂದವನು ಮರ ನೋಡಿದ, ನನ್ನ ಮುಖ ನೋಡಿದ, ಬಂದು ಹೋದ ಖರ್ಚು ಇಸ್ಕೊಂಡು ಹೋದ.

ಆಮೇಲೆ 35 ಡಾಲರಿನ ಒಂದು ಆಂಟೆನಾ ತಂದು ಮಹಡಿ ಕಿಟಕಿಯ ಹೊರಗೆ ನಾನೇ ಕಟ್ಟಿದೆ. ಅದಕ್ಕೆ ಚೊಕ್ಕವಾಗಿ ಸಿಕ್ಕಿದ್ದು ಕೆಯುಎಸಿ, ಇದೇ ವಿಶ್ವವಿದ್ಯಾಲಯದವರು ನಡೆಸುವ ಸಾರ್ವಜನಿಕ ಟಿವಿ. ಎಷ್ಟು ಉಪಚಾನೆಲ್, ಚಿತ್ರ ಎಷ್ಟು ಸ್ಪಷ್ಟ ಅನ್ನೋದೆಲ್ಲ ಬಿಡಿ.

ಚಳಿಗಾಲದ ಬೆಳಿಗ್ಗೆ ನಮ್ಮ ಮನೆಯಲ್ಲಿ ಹೀಗೆ. ಮೊದಲು ಹೊರಗೆ ಓಡಿ ಕಾರಿನ ಎಂಜಿನ್ ಹೀಟರಿನ ಪ್ಲಗ್ ಹಾಕಬೇಕು, ಇಲ್ಲದಿದ್ದರೆ ಕಾರು ಹೊರಡುವ ಮಾತೇ ಇಲ್ಲ. ಹಾಕಿ ಬರುವಷ್ಟರಲ್ಲಿ ಮೂಗಿನೊಳಗಿನ ಕೂದಲು ತಂತಿಯಾಗಿರುತ್ತದೆ. (-40 ಆದಾಗ ಒಂದು ಅನುಕೂಲ ಇದೆ, ಸೆಲ್ಸಿಯಸ್ಸೋ ಫ್ಯಾರನ್‌ಹೀಟೋ ಅಂತ ಕೇಳಬೇಕಿಲ್ಲ, ಅಲ್ಲಿ ಎರಡೂ ಒಂದೇ.) ಒಳಗೆ ಬಂದು ಊರಿಂದ ತಂದ ಸ್ಟೀಲ್ ಫಿಲ್ಟರಿಗೆ ಬಿಸಿನೀರು ಹುಯ್ದು, ಡಿಕಾಕ್ಷನ್ ಇಳಿಯುವವರೆಗೆ ಅಂತ ಟಿವಿ ಹಾಕುತ್ತೇನೆ. ಹೊರಗಿನ್ನೂ ಗವ್ವೆನ್ನುವ ಕತ್ತಲೆ. ಮಗಳು ಕಂಬಳಿ ಎಳೆದುಕೊಂಡೇ ಬಂದು ಪಕ್ಕ ಕೂರುತ್ತಾಳೆ. ಅವಳಿಗೆ ಮಾಲಿ ಆಫ್ ಡೆನಾಲಿ ಅಂದರೆ ಪ್ರಾಣ. 2019ರಲ್ಲಿ ಅಮೆರಿಕದ ಸಾರ್ವಜನಿಕ ಟಿವಿ ಜಾಲ ಪಿಬಿಎಸ್‌ನಲ್ಲಿ ಶುರುವಾದ ಕಾರ್ಟೂನು, ಅಲಾಸ್ಕಾದ ಮೂಲನಿವಾಸಿ ಹುಡುಗಿಯೇ ಅದರ ನಾಯಕಿ. ಅದರಿಂದ ಇವಳು ಕಲಿತದ್ದು 'ಮಾಸೀ ಚೋ', ಗ್ವಿಚಿನ್ ಭಾಷೆಯಲ್ಲಿ ಥ್ಯಾಂಕ್ಸ್. ರಾಯಚೂರಿನಿಂದ ನಮ್ಮಮ್ಮ ವಿಡಿಯೋ ಕಾಲ್ ಮಾಡಿದಾಗ ಅದನ್ನೇ ಹೇಳಿದಳು. ಅಮ್ಮ ಅಲ್ಲಿಂದ, "ಏನ್ ಮಾಸ್ಯಾದವ್ವ, ಅಂಗಿ ಏನು?"

ಬರೀ ಇಷ್ಟೇ ಆಗಿದ್ದರೆ ನಾಲ್ಕು ಸಾಲು ಬರೆದು ಮುಗಿಸುತ್ತಿದ್ದೆ. ಒಂದು ರಾತ್ರಿ ಸುಮ್ನೆ ಈ ಚಾನೆಲ್ ಹಳೇ ಕಥೆ ಏನಿರಬಹುದು ಅಂತ ಕೆದಕಲು ಕೂತೆ. ಇವರ ರೇಡಿಯೋ ಶುರುವಾದದ್ದು 1962ರಲ್ಲಿ. ಟಿವಿ 1971ರ ಡಿಸೆಂಬರ್ 22ಕ್ಕೆ, ಅಲಾಸ್ಕಾದಲ್ಲೇ ಮೊದಲ ಸಾರ್ವಜನಿಕ ಟಿವಿ ಕೇಂದ್ರ. ತಾರೀಖು ನೋಡಿ ನಗು ಬಂತು. ಆ ವಾರ ಇಲ್ಲಿ ಸೂರ್ಯ ನಾಲ್ಕು ಗಂಟೆಯೂ ನಿಲ್ಲುವುದಿಲ್ಲ. ಟಿವಿ ಶುರು ಮಾಡೋಕೆ ಇದಕ್ಕಿಂತ ಒಳ್ಳೆ ಮುಹೂರ್ತ ಉಂಟಾ? ಆಗೆಲ್ಲ ಅಲಾಸ್ಕಾಕ್ಕೆ ಅಮೆರಿಕದ ಉಳಿದ ರಾಜ್ಯಗಳ ಕಾರ್ಯಕ್ರಮಗಳು ಟೇಪಿನಲ್ಲಿ ವಿಮಾನ ಹತ್ತಿ ಬರುತ್ತಿದ್ದವು, ತಂಗಳಾಗಿಯೇ ಮನೆ ಸೇರುತ್ತಿದ್ದವು.

ಮುಂದಕ್ಕೆ ಓದುತ್ತಾ ಎಟಿಎಸ್-6 ಅನ್ನೋ ಹೆಸರು ಸಿಕ್ಕಿತು. ನಾಸಾ 1974ರ ಮೇ 30ರಂದು ಹಾರಿಸಿದ ಉಪಗ್ರಹ. ಅದರ ಮೂಲಕ ಅಲಾಸ್ಕಾದ ದೂರದ ಹಳ್ಳಿಗಳಿಗೆ ಪಾಠದ ಕಾರ್ಯಕ್ರಮ ಕಳಿಸಿದರು. ಗಲೀನಾ, ಫೋರ್ಟ್ ಯೂಕಾನ್ ಅನ್ನೋ ಊರುಗಳ ರೋಗಿಗಳನ್ನು ಟನನಾ ಆಸ್ಪತ್ರೆಯ ಡಾಕ್ಟರು ಟಿವಿ ಪರದೆಯಲ್ಲೇ ನೋಡಿ ಔಷಧ ಹೇಳಿದರು. ಹೀಗೆ ಒಂದೇ ಒಂದು ವರ್ಷ. 1975ರಲ್ಲಿ ನಾಸಾದವರು ಅದನ್ನು ಆಕಾಶದಲ್ಲೇ ಪಕ್ಕಕ್ಕೆ ಸರಿಸಿಕೊಂಡು ಹೋಗಿ ಆಫ್ರಿಕಾದ ಮೇಲೆ ನಿಲ್ಲಿಸಿದರು. ಯಾರಿಗೆ? ನಮಗೆ, ಭಾರತಕ್ಕೆ!

ಉಪಗ್ರಹದ ಮೂಲಕ ನಮ್ಮ ಹಳ್ಳಿಗಳಿಗೆ ಟಿವಿ ತೋರಿಸಲು 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗ ಇದೇ. ಆರು ರಾಜ್ಯಗಳ 2,400 ಹಳ್ಳಿ. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ.

ಆ ಹೊತ್ತಿಗೆ ಇಲ್ಲಿ ರಾತ್ರಿ ಹನ್ನೊಂದು, ಊರಲ್ಲಿ ಮಧ್ಯಾಹ್ನ. ತಡೆಯಲಾಗದೆ ಅಪ್ಪನಿಗೆ ಫೋನ್ ಹಚ್ಚಿದೆ. 1975ರಲ್ಲಿ ಅವರಿಗೆ ಒಂಬತ್ತು ವರ್ಷ. "ನಿಮ್ಮೂರಾಗ ಟಿವಿ ಇತ್ತೇನಪ್ಪಾ?" ಅಂದೆ. ಒಂದು ಕ್ಷಣ ಮಾತಿಲ್ಲ. ಆಮೇಲೆ, "ಇತ್ತಲ್ಲೋ, ಸಾಲ್ಯಾಗ. ಕೋಳಿ ಜಾಲರಿ ಟಿವಿ" ಅಂದರು. ಇಸ್ರೋದವರು ಆ ಡಿಶ್ಶನ್ನು ಕೋಳಿಗೂಡಿಗೆ ಹೊಡೆಯುವ ತಂತಿ ಜಾಲರಿಯಲ್ಲೇ ಮಾಡಿದ್ದರು, ಮೂರು ಮೀಟರ್ ಅಗಲ. ಮಾಸ್ತರು ಕೀಲಿ ತೆಗೆಯುವ ಮುಂಚೆಯೇ ಹುಡುಗರು ಮುಂದಿನ ಸಾಲಿಗೆ ಟವೆಲ್ ಹಾಸಿ ಜಾಗ ಹಿಡಿಯುತ್ತಿದ್ದರಂತೆ. ಅಪ್ಪ ಇದನ್ನು ನನಗೆ ಒಮ್ಮೆಯೂ ಹೇಳಿರಲಿಲ್ಲ. ಮೊದಲು ಇಲ್ಲಿನ ಹಳ್ಳಿಗಳು, ಮರುವರ್ಷ ಅಪ್ಪನ ಊರು, ಎರಡಕ್ಕೂ ಅದೇ ಉಪಗ್ರಹ. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ ನನಗೆ.

ಭಾರತದಲ್ಲಿ ವರ್ಷ ಮುಗಿದ ಮೇಲೆ ಉಪಗ್ರಹ ವಾಪಸ್ ಹೋಯಿತು. ಅಲಾಸ್ಕಾದವರು ಮಾತ್ರ ಸುಮ್ಮನೆ ಕೂರಲಿಲ್ಲ. 70ರ ದಶಕದ ಕೊನೆಗೆ ರಾಜ್ಯವೇ ದುಡ್ಡು ಹಾಕಿ ಬೇರೆ ಉಪಗ್ರಹದಿಂದ ಹಳ್ಳಿಗಳಿಗೆ ಒಂದು ಚಾನೆಲ್ ಕೊಟ್ಟಿತು. ಅದರಲ್ಲಿ ಏನು ತೋರಿಸಬೇಕು ಅಂತ ಆರಿಸಲು ಹಳ್ಳಿಗಾಡಿನ ಪ್ರತಿನಿಧಿಗಳ ಸಮಿತಿಯೇ ಇತ್ತು. ಇಡೀ ಊರಿಗೆ ಒಂದೇ ರಿಮೋಟ್ ಇದ್ದ ಹಾಗೆ, ಜಗಳ ಎಷ್ಟಾಗಿರಬಹುದು! ಕೆಯುಎಸಿ 1995ರಲ್ಲಿ ಅಲಾಸ್ಕಾದ್ದೇ ಜೂನೋ, ಬೆತೆಲ್ ಊರುಗಳ ಕೇಂದ್ರಗಳ ಜೊತೆ ಸೇರಿ ಅಲಾಸ್ಕಾಒನ್ ಅನ್ನೋ ಜಾಲ ಆಯಿತು, 2012ರಲ್ಲಿ ಮತ್ತೆ ಬೇರೆಯಾಯಿತು.

ಇಲ್ಲಿವರೆಗೆ ಖುಷಿಯಾಗಿ ಬರೆದೆ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ರೇಡಿಯೋ, ಟಿವಿಗೆ ಅಂತ ಎತ್ತಿಟ್ಟಿದ್ದ ಎರಡು ವರ್ಷದ 110 ಕೋಟಿ ಡಾಲರನ್ನು ವಾಪಸ್ ತೆಗೆದುಕೊಂಡಿತು. ದೊಡ್ಡ ಊರಿನ ಕೇಂದ್ರಗಳಿಗೆ ಚಂದಾ ಕೊಡುವ ಜನ ಲಕ್ಷಗಟ್ಟಲೆ ಇರುತ್ತಾರೆ. ಇಲ್ಲಿ ಜನಕ್ಕಿಂತ ಮರ ಜಾಸ್ತಿ. ಸುದ್ದಿ ಕೇಳಿ ಎರಡು ದಿನ ಎಲ್ಲರ ಮೇಲೂ ರೇಗಾಡಿದೆ. ಮೂರನೇ ದಿನ ಹೆಂಡತಿ, "ನಾವು ಇಲ್ಲಿವರೆಗೆ ಎಷ್ಟು ಕೊಟ್ಟಿದೀವಿ?" ಅಂತ ಕೇಳಿದಳು. ಸೊನ್ನೆ. ವರ್ಷಗಟ್ಟಲೆ ಬೆಳಿಗ್ಗೆ ರಾತ್ರಿ ನೋಡಿ ಒಂದು ಪೈಸೆ ಬಿಚ್ಚಿರಲಿಲ್ಲ. ಈಗ ತಿಂಗಳಿಗೆ 5 ಡಾಲರ್ ಹೋಗುತ್ತದೆ. ಇಲ್ಲಿ ಎರಡು ಕಟ್ಟು ಕೊತ್ತಂಬರಿಗೂ ಹೆಚ್ಚುಕಮ್ಮಿ ಅಷ್ಟೇ ಆಗುತ್ತದೆ. ಹದಿನೈದು ದಿನಕ್ಕೊಂದು ಕಟ್ಟು ಕಮ್ಮಿ ಹಾಕಿದರೆ ಸಾರು ಕೆಟ್ಟು ಹೋಗುವುದಿಲ್ಲ.

ಚಾನೆಲ್ಲಿಗೆ ಐದಕ್ಕೆ ಐದು. ಆಂಟೆನಾಗೆ ನಾಲ್ಕು, ಅದರ ಜೊತೆ ಬಂದ ಕೇಬಲ್ಲಿಗೆ ಒಂದು. ಚಳಿಗೆ ಅದು ಒಣ ಕಬ್ಬಿನ ಹಾಗೆ ಸೆಟೆದು, ಬಗ್ಗಿಸಿದ ಕಡೆಯೆಲ್ಲ ಸಿಪ್ಪೆ ಬಿರುಕು ಬಿಟ್ಟಿದೆ. ನೀವು ತರುವುದಾದರೆ ಚಳಿ ತಡೆಯುವ ಕೇಬಲ್ ಬೇರೆ ತನ್ನಿ, ಬೇಸಿಗೆಯಲ್ಲೇ ಎಳೆದುಬಿಡಿ. ನನ್ನದಕ್ಕೆ ಸದ್ಯ ಎರಡು ಕಡೆ ಟೇಪ್ ಸುತ್ತಿದೆ, ಚಿತ್ರ ಬರ್ತಾ ಇದೆ. ಹೊರಗೆ -37. ಮಾರ್ಚ್ ಬರುವವರೆಗೆ ಅದನ್ನು ಯಾರೂ ಮುಟ್ಟಬಾರದು ಅಂತ ಮಗಳಿಗೂ ಹೇಳಿಟ್ಟಿದ್ದೇನೆ.