ವ್ಯಾಂಗಿಗೆ ಯಾವ ಹಗ್ಗ? ಮೂರನ್ನೂ ಕಟ್ಟಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ಹಾಯಿದೋಣಿಯಲ್ಲಿ ಹಾಯಿ ತಿದ್ದುವ ವ್ಯಾಂಗ್‌ನಂಥ ಹಗ್ಗಗಳಿಗೆ ನನ್ನ ಓಟು 5 ಮಿ.ಮೀ. ದಪ್ಪದ ಹೆಣೆದ ಪಾಲಿಯೆಸ್ಟರ್‌ಗೆ. ನೈಲಾನ್, ಡೈನೀಮಾ ಎರಡಕ್ಕೂ ದುಡ್ಡು ಹಾಕಿ, ಒಮ್ಮೆ ನೀರಿಗೂ ಬಿದ್ದ ಮೇಲೆ ಹೇಳುತ್ತಿರುವ ಮಾತಿದು.

ನನ್ನದು ಹಳೆಯ ಲೇಸರ್, ಒಬ್ಬರೇ ನಡೆಸುವ ಸಣ್ಣ ಹಾಯಿದೋಣಿ. ಒಂದೇ ಹಾಯಿ, ಸುಮಾರು 7 ಚದರ ಮೀಟರ್. ಮಧ್ಯಾಹ್ನ ಪಡುಗಾಳಿ ಎದ್ದ ಮೇಲೆ ಕಾಸರಗೋಡು ಜಿಲ್ಲೆಯ ಶಿರಿಯದ ಅಳಿವೆಯಲ್ಲಿ ಇಳಿಸುತ್ತೇನೆ. ಹಾಯಿಯ ಆಕಾರ ತಿದ್ದಲು ಮೂರು ಹಗ್ಗಗಳಿವೆ. ಔಟ್‌ಹಾಲ್ ಎಳೆದರೆ ಹಾಯಿಯ ಹೊಟ್ಟೆ ಚಪ್ಪಟೆಯಾಗುತ್ತದೆ. ಕನಿಂಗ್‌ಹ್ಯಾಮ್ ಎಳೆದರೆ ಆ ಹೊಟ್ಟೆ ಕೂವೆಮರದ, ಅಂದ್ರೆ ಹಾಯಿ ನಿಲ್ಲಿಸುವ ಕಂಬದ, ಕಡೆಗೆ ಸರಿಯುತ್ತದೆ. ವ್ಯಾಂಗ್ ಬೂಮನ್ನು, ಅಂದ್ರೆ ಹಾಯಿಯ ಬುಡದ ಅಡ್ಡಕೋಲನ್ನು, ಮೇಲೇಳದಂತೆ ಕೆಳಗೆ ಹಿಡಿದಿಡುತ್ತದೆ.

ಮೊದಲು ಕಟ್ಟಿದ್ದು ಮೀನುಗಾರಿಕೆ ಸಾಮಾನಿನ ಅಂಗಡಿಯ ನೈಲಾನ್. ಅಗ್ಗ, ಗಟ್ಟಿ, ಆದರೆ ಹಿಗ್ಗುತ್ತದೆ. ಔಟ್‌ಹಾಲ್ ಬಿಗಿದು, ಅದು ಎಳೆಯುವ ಹಾಯಿಯ ಹಿಂದಿನ ಮೂಲೆ ನಿಂತ ಜಾಗಕ್ಕೆ ಬೂಮಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಗಾಳಿ ಜೋರಾದಾಗ ಮೂಲೆ ಗೆರೆಯಿಂದ ಎರಡು ಬೆರಳು ಮುಂದೆ ಬಂತು. ಗಾಳಿ ತಗ್ಗಿದ ಮೇಲೆ ಮತ್ತೆ ಗೆರೆಗೆ ವಾಪಸ್. ಹಾಯಿ ಚಪ್ಪಟೆಯಾಗಿರಬೇಕಾದ ಹೊತ್ತಿಗೇ ಹೊಟ್ಟೆ ಉಬ್ಬಿದರೆ ದೋಣಿ ವಾಲದೆ ಇರುತ್ತದಾ? ಪಕ್ಕದ ಮನೆಯ ಮೊಗವೀರ ಅಣ್ಣ ನೋಡಿ, "ಇದು ಲಂಗರಿನ ಬಳ್ಳಿ ಮಾರಾಯಾ, ಅಲೆ ಜಗ್ಗಿದಾಗ ಹಿಗ್ಗಬೇಕು. ನಿನಗೆ ಹಿಗ್ಗಬಾರದು ಅಲ್ವಾ?" ಎಂದರು.

ಹಾಗಾಗಿ 4 ಮಿ.ಮೀ. ಡೈನೀಮಾ ತರಿಸಿದೆ, ತುಂಬ ಗಟ್ಟಿಯಾದ ಕೃತಕ ನಾರಿನ ಹಗ್ಗ, ಹೊರಕವಚ ಇಲ್ಲದ್ದು. ನೀರಲ್ಲಿ ತೇಲುತ್ತದೆ, ಹಿಗ್ಗುವುದು ತೀರಾ ಕಡಿಮೆ. ಮೊದಲ ದಿನ ಗೆರೆ ಬಿಟ್ಟು ಕದಲಲಿಲ್ಲ. ತುಂಬ ಖುಷಿಯಾಗಿತ್ತು.

ತೊಂದರೆ ಬಂದದ್ದು ಎಳೆದ ಹಗ್ಗವನ್ನು ಹಿಡಿದಿಡುವ ಕ್ಲೀಟಿನಲ್ಲಿ. ಹಲ್ಲಿರುವ ಎರಡು ದವಡೆಗಳ ನಡುವೆ ಹಗ್ಗ ಕಚ್ಚಿಕೊಂಡು ನಿಲ್ಲಬೇಕು. ಡೈನೀಮಾ ಮೇಣ ಹಚ್ಚಿದ ಹಾಗೆ ನುಣುಪು. ಸಣ್ಣ ಗಾಳಿಗೆ ನಿಲ್ಲುತ್ತದೆ, ಜೋರು ಬಂದರೆ ಸ್ವಲ್ಪ ಸ್ವಲ್ಪವೇ ಜಾರುತ್ತದೆ. ಸದ್ದೇ ಇರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಒಂದು ಸಂಜೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಅಳಿವೆಯ ಬಾಯಿಂದ ಒಳಗೆ ಬರುತ್ತಿದ್ದೆ. ವ್ಯಾಂಗ್ ಜಾರಿ ಬೂಮು ಮೇಲೆದ್ದಿತ್ತು. ಹಾಯಿಯ ಮೇಲ್ತುದಿ ತಿರುಚಿಕೊಂಡು ಕೂವೆಮರಕ್ಕಿಂತ ಮುಂದೆ ಹೋಗಿತ್ತು. ಹಾಗಾದರೆ ಹಾಯಿ ದೋಣಿಯನ್ನು ನಾವು ಕೂತ ಬದಿಗೇ ದೂಡುತ್ತದೆ. ಎರಡು ಸಲ ಹೊಯ್ದಾಡಿತು. ಮೂರನೆಯದಕ್ಕೆ ದೋಣಿ ನನ್ನ ಮೇಲೇ ಮಗುಚಿತು. ಡ್ಯಾಗರ್‌ಬೋರ್ಡ್, ಅಂದ್ರೆ ದೋಣಿಯ ತಳದಿಂದ ಚಾಚಿರುವ ಹಲಗೆಯ ಮೇಲೆ ನಿಂತು ಎತ್ತುವಾಗ ವ್ಯಾಂಗ್ ಹಗ್ಗ ಸಡಿಲವಾಗಿ ನೇತಾಡುತ್ತಿತ್ತು.

ಆಮೇಲೆ ಕ್ಲೀಟ್ ತೊಳೆದೆ, ಸ್ಪ್ರಿಂಗ್ ಬದಲಿಸಿದೆ. ಆದರೂ ಜಾರಿತು. ಗಂಟುಗಳದ್ದೂ ಅದೇ ಕಥೆ. ಬೌಲೈನ್ ಎಂಬ ಕುಣಿಕೆ ಗಂಟು ಹಾಕಿ ಬಾಲ ಉದ್ದ ಬಿಟ್ಟರೂ ಸಂಜೆಗೆ ಗಿಡ್ಡವಾಗಿರುತ್ತಿತ್ತು. ಕ್ಲೀಟಿಗೆ ಬರುವಷ್ಟು ಭಾಗಕ್ಕೆ ಪಾಲಿಯೆಸ್ಟರ್ ಕವಚ ತೊಡಿಸಿ ಹೊಲಿದರೆ ನಿಲ್ಲುತ್ತದೆ, ಒಂದು ಸಲ ಮಾಡಿಯೂ ನೋಡಿದೆ. ಅಷ್ಟು ಕೆಲಸ ಮಾಡುವ ಬದಲು ಪಾಲಿಯೆಸ್ಟರನ್ನೇ ಕಟ್ಟಬಹುದಲ್ವಾ?

ಈಗ ಅದನ್ನೇ ಕಟ್ಟಿದ್ದೇನೆ. ಡೈನೀಮಾಕ್ಕಿಂತ ಹಿಗ್ಗುವುದು ಜಾಸ್ತಿ, ನಿಜ. ಆದರೆ ಗೆರೆಯಿಂದ ಅರ್ಧ ಬೆರಳೂ ಸರಿಯುವುದಿಲ್ಲ. ಕ್ಲೀಟ್ ಚೆನ್ನಾಗಿ ಕಚ್ಚುತ್ತದೆ. ಒದ್ದೆ ಕೈಯಲ್ಲೂ ಹಿಡಿತ ಸಿಗುತ್ತದೆ, ಬೆರಳು ಕೊಯ್ಯುವುದಿಲ್ಲ. ದುಡ್ಡು ಡೈನೀಮಾದ ಅರ್ಧ. ಬಿಟ್ಟಲ್ಲೇ ನಿಲ್ಲುವುದರಿಂದ ನಿನ್ನೆಯ ಗುರುತಿಗೆ ಇವತ್ತು ಎಳೆದು ವ್ಯತ್ಯಾಸ ನೋಡಬಹುದು. ನಾನು ಹಾಯಿ ತಿದ್ದುವುದನ್ನು ಸರಿಯಾಗಿ ಕಲಿಯಲು ಶುರು ಮಾಡಿದ್ದೇ ಆಮೇಲೆ.

ರೇಸಿಗೆ ಹೋಗುವವರು ಕವಚವಿರುವ ಡೈನೀಮಾ ಕೊಳ್ಳಲಿ. ವಾರಕ್ಕೆರಡು ಸಂಜೆ, ಒಬ್ಬನೇ ಹೋಗುವ ನನಗೆ ಇದು ಸಾಕು. ಡೈನೀಮಾ ತುಂಡುಗಳು ಕ್ಲೀಟ್ ಮುಟ್ಟದ ಕಡೆ, ರಾಟೆ ಕಟ್ಟಲು ಒಳ್ಳೆಯದಾಯಿತು. ನೈಲಾನ್ ಈಗ ಲಂಗರಿನಲ್ಲಿದೆ.