ಕೀ ಒತ್ತಿದರೆ ಎಂಜಿನ್ ಸ್ಟಾರ್ಟ್: ಮೂರು ವರ್ಷ ಬಳಸಿದ ಮೇಲೆ

ನಮ್ಮ ಕಾರಿಗೆ ಮೂರು ವರ್ಷ ತುಂಬಿತು. 1.5 ಲೀಟರ್ ಪೆಟ್ರೋಲ್, ಆಟೋಮ್ಯಾಟಿಕ್ ಗೇರ್. ಕಾರಿನ ಹೊರಗೆ ನಿಂತೇ, ಕೀಯಲ್ಲಿರುವ ಬಟನ್ ಒತ್ತಿ ಎಂಜಿನ್ ಸ್ಟಾರ್ಟ್ ಮಾಡಬಹುದು. ತಗೊಳ್ಳುವಾಗ ಇದು ಬೇಕು ಅಂತ ಕೇಳಿರಲಿಲ್ಲ. ಹಿಮ ಬೀಳುವ ಊರಲ್ಲಿ ಎಂಜಿನ್ ಬಿಸಿ ಮಾಡಿಕೊಳ್ಳಬೇಕು, ಬೆಂಗಳೂರಿನಲ್ಲಿ ಅಷ್ಟು ಚಳಿ ಎಲ್ಲಿದೆ? ನಮಗೆ ಬೇಕಾಗಿದ್ದು ತಂಪು. ಅದು ಗೊತ್ತಾಗಿದ್ದು 2024ರ ಏಪ್ರಿಲ್‌ನಲ್ಲಿ, ಬಿಸಿಲು 38 ಡಿಗ್ರಿ ದಾಟಿದಾಗ.

ಅಮ್ಮನಿಗೆ ಆಗಷ್ಟೇ ಮಂಡಿ ಆಪರೇಷನ್ ಆಗಿತ್ತು. ಜಯನಗರದಲ್ಲಿ ಫಿಸಿಯೋಥೆರಪಿ. ಒಂದು ಮಧ್ಯಾಹ್ನ ಸೀಟಿನ ಮೇಲೆ ಕೈ ಇಟ್ಟವರು "ಕಾದ ಹೆಂಚಾಗಿದೆಯಲ್ಲೋ" ಅಂದರು. ಕಾರು ತಣ್ಣಗಾಗುವ ತನಕ ವಾಕರ್ ಹಿಡಿದು ಬಿಸಿಲಲ್ಲೇ ನಿಂತರು. ಅವತ್ತು ನನಗೆ ತುಂಬಾ ಬೇಜಾರಾಯಿತು. ಮುಂದಿನ ಸಲದಿಂದ ಕ್ಲಿನಿಕ್ ಬಾಗಿಲಲ್ಲಿ ನಿಂತು, ಕಾಂಪೌಂಡಿನ ಒಳಗೇ ಇದ್ದ ಕಾರಿನ ಮೇಲೆ ಕಣ್ಣಿಟ್ಟು, ಕೀ ಒತ್ತತೊಡಗಿದೆ. ಐದು ನಿಮಿಷ ಸಾಕು. ಅಮ್ಮ ನೇರವಾಗಿ ಬಂದು ಕೂರುತ್ತಾರೆ.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಲಾಕ್ ಬಟನ್, ಕೂಡಲೇ ಸ್ಟಾರ್ಟ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಬೇಕು. ಕೀ ರೇಡಿಯೋ ಸಿಗ್ನಲ್ ಕಳಿಸುತ್ತದೆ, ಅದರಲ್ಲಿನ ಕೋಡ್ ಪ್ರತಿ ಸಲ ಬದಲಾಗುತ್ತದೆ. ಕಾರಿನ ಕಂಪ್ಯೂಟರ್ ಕೋಡ್ ನೋಡಿ, ಆಮೇಲೆ ಕಾರನ್ನೇ ಪರೀಕ್ಷೆ ಮಾಡುತ್ತದೆ. ಗೇರ್ ಪಾರ್ಕ್‌ನಲ್ಲಿದೆಯಾ, ಬಾಗಿಲು ಲಾಕ್ ಆಗಿದೆಯಾ, ಬಾನೆಟ್ ಮುಚ್ಚಿದೆಯಾ? ಎಲ್ಲ ಸರಿ ಇದ್ದರೆ ಮಾತ್ರ ಎಂಜಿನ್ ಶುರು. ಹಾಗಂತ ಯಾರೋ ಗಾಜು ಒಡೆದು ಒಳಗೆ ಕೂತು ಓಡಿಸಿಕೊಂಡು ಹೋಗುವ ಹಾಗಿಲ್ಲ. ಕೀ ಒಳಗಿಲ್ಲದೆ ಬ್ರೇಕ್ ಒತ್ತಿದರೆ ನಮ್ಮ ಕಾರು ಆಫ್ ಆಗುತ್ತದೆ. ಯಾರೂ ಬರದಿದ್ದರೆ 10 ನಿಮಿಷಕ್ಕೆ ತಾನಾಗಿಯೇ ನಿಲ್ಲುತ್ತದೆ. ಇಳಿಯುವಾಗ ಎಸಿ ಆನ್‌ನಲ್ಲೇ ಬಿಟ್ಟಿರಬೇಕು. ಇದನ್ನು ನನಗೆ ಶೋರೂಮಿನಲ್ಲಿ ಯಾರೂ ಹೇಳಲಿಲ್ಲ. ಮೊದಲ ದಿನ ಎಂಜಿನ್ ಓಡುತ್ತಿತ್ತು, ಒಳಗೆ ಮಾತ್ರ ಅದೇ ಬಿಸಿ.

ಒಂದು ಸಲ ಸರ್ವಿಸ್ ಆದ ಮರುದಿನ ಎಷ್ಟು ಒತ್ತಿದರೂ ಸ್ಟಾರ್ಟ್ ಆಗಲಿಲ್ಲ. ಕೀ ಸೆಲ್ ಹೋಯಿತು ಅಂತ ಹೊಸ ಸಿಆರ್2032 ಸೆಲ್ ತಂದು ಹಾಕಿದೆ. ಆಗಲೂ ಇಲ್ಲ. ಕೊನೆಗೆ ನೋಡಿದರೆ ಬಾನೆಟ್ ಪೂರ್ತಿ ಕೂತಿರಲಿಲ್ಲ. ಒತ್ತಿ ಮುಚ್ಚಿದೆ, ಸರಿಹೋಯಿತು. ಹಾಗೇ ಹೈವೇಗೆ ಹೋಗಿದ್ದರೆ ಗಾಳಿಗೆ ಬಾನೆಟ್ ಏಳುತ್ತಿತ್ತೇನೋ. ಆ ಪರೀಕ್ಷೆಯ ಬೆಲೆ ನನಗೆ ತಿಳಿದದ್ದು ಅವತ್ತು.

ಮೊಬೈಲ್ ಆ್ಯಪ್‌ನಿಂದಲೂ ಸ್ಟಾರ್ಟ್ ಮಾಡಬಹುದು. ನಾನು ಬಳಸುವುದು ಕಡಿಮೆ. ಆ್ಯಪ್‌ನ ಆಜ್ಞೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಕಾರಿನೊಳಗಿನ ಸಿಮ್‌ಗೆ ಬರಬೇಕು. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ನೆಟ್‌ವರ್ಕೇ ಸಿಗದು. ಸಿಕ್ಕರೂ ಅಲ್ಲಿ ಒತ್ತಬೇಡಿ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಉಸಿರಲ್ಲಿ ಸೇರಿದರೆ ಜೀವಕ್ಕೇ ಅಪಾಯ. ನಮ್ಮ ಬೇಸ್‌ಮೆಂಟಿನಲ್ಲಿ ಮಕ್ಕಳು ಸೈಕಲ್ ಹೊಡೆಯುತ್ತಾರೆ, ಸೆಕ್ಯೂರಿಟಿಯವರು ಅಲ್ಲೇ ಊಟ ಮಾಡುತ್ತಾರೆ.

ಹೀಗೆ ದೂರದಿಂದ ಸ್ಟಾರ್ಟ್ ಮಾಡುವ ಕಿಟ್ ಹೊರಗಡೆ ಹಾಕಿಸುವವರಿಗೆ ಒಂದು ಮಾತು. ಎದುರುಮನೆ ಅಂಕಲ್ ತಮ್ಮ ಮ್ಯಾನುಯಲ್ ಕಾರಿಗೆ ಒಂದು ಅಂಗಡಿಯಲ್ಲಿ ಹಾಕಿಸಿದರು. ಗೇರ್ ನ್ಯೂಟ್ರಲ್‌ನಲ್ಲಿದೆಯಾ ಅಂತ ನೋಡುವ ಏರ್ಪಾಡು ಅದರಲ್ಲಿ ಇರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸುವಾಗ ಫಸ್ಟ್ ಗೇರ್ ಹಾಕಿಡುವ ಅಭ್ಯಾಸ ನಮಗೆಲ್ಲ ಇದೆ ಅಲ್ವಾ? ಬಟನ್ ಒತ್ತಿದ್ದೇ ಕಾರು ಮುಂದಕ್ಕೆ ಹಾರಿ ಗೋಡೆಗೆ ಬಡಿಯಿತು. ನಡುವೆ ಯಾರೂ ಇರಲಿಲ್ಲ, ಸದ್ಯ. ಅದೂ ಅಲ್ಲದೆ ಈ ಕಿಟ್‌ಗಳಿಗಾಗಿ ವೈರ್ ಕತ್ತರಿಸಿದರೆ ವಾರಂಟಿಗೂ ತೊಂದರೆ. ಕಂಪನಿಯಿಂದಲೇ ಬಂದಿದ್ದರೆ ಬಳಸಿ, ಇಲ್ಲದಿದ್ದರೆ ಬಿಟ್ಟುಬಿಡಿ.

ಪೆಟ್ರೋಲ್ ಖರ್ಚು ಇದೆ. ಎಸಿ ಹಾಕಿ ನಿಂತ ಇಂಥ ಎಂಜಿನ್ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಐದು ನಿಮಿಷಕ್ಕೆ ಜಾಸ್ತಿ ಏನಲ್ಲ. ಆದರೂ ಸುಮ್ನೆ ಹೊಗೆ ಬಿಡುವುದು ಬೇಡ ಅಂತ ನಾನೊಬ್ಬನೇ ಹೋಗುವಾಗ ಒತ್ತುವುದಿಲ್ಲ. ಕಿಟಕಿ ಇಳಿಸಿ ಒಂದು ನಿಮಿಷ ಓಡಿಸಿದರೆ ಬಿಸಿಗಾಳಿ ಹೊರಗೆ ಹೋಗುತ್ತದೆ.

ರಸ್ತೆ ಬದಿಯಲ್ಲೂ ಒತ್ತುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ, ಸಾರ್ವಜನಿಕ ಜಾಗದಲ್ಲಿ ನಿಂತ ಗಾಡಿಯ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲದಿದ್ದರೆ ಎಂಜಿನ್ ಆಫ್ ಆಗಿ ಬ್ರೇಕ್ ಹಾಕಿರಬೇಕು. ಹಾಗಾಗಿ ಗಾಂಧಿ ಬಜಾರಿನ ಹತ್ತಿರದ ಅಡ್ಡರಸ್ತೆಯಲ್ಲಿ ನಿಲ್ಲಿಸಿದಾಗ ಅಮ್ಮ ಹೂವಿನ ಅಂಗಡಿಯ ನೆರಳಲ್ಲಿ ಕೂರುತ್ತಾರೆ. ನಾನು ಹೋಗಿ ಕಾರಲ್ಲಿ ಕೂತು ಎಸಿ ಹಾಕುತ್ತೇನೆ. ಸೀಟು ಮುಟ್ಟಿ ನೋಡಿ, ತಣ್ಣಗಾದ ಮೇಲೆ ಅವರನ್ನು ಕರೆಯುತ್ತೇನೆ.